ಮೂರೋ ನಾಲ್ಕೋ: ವಸಡನ್ನು ನಾನು ಅಳೆಯುವ ಬಗೆ

ಕಳೆದ ವರ್ಷ ಶಾಲಾ ಟೀಚರ್ ಒಬ್ಬರು ನನ್ನ ಕ್ಲಿನಿಕ್‌ಗೆ ಬಂದರು. ಕೈಯಲ್ಲಿ ಎರಡು ಚೀಟಿ. ಒಂದರಲ್ಲಿ ವಸಡು ಊದಿದೆ ಅಷ್ಟೇ, ಕ್ಲೀನಿಂಗ್ ಸಾಕು ಎಂದಿತ್ತು. ಇನ್ನೊಂದರಲ್ಲಿ ಮೂಳೆ ಸವೆದಿದೆ, ಡೀಪ್ ಕ್ಲೀನಿಂಗ್ ಆಗಬೇಕು ಎಂದಿತ್ತು. ಎರಡರ ನಡುವೆ ಹತ್ತೇ ದಿನ. "ಡಾಕ್ಟ್ರೇ, ಇವರಲ್ಲಿ ಯಾರು ಸುಳ್ಳು ಹೇಳ್ತಿದ್ದಾರೆ?" ಎಂದು ಕೇಳಿದರು.

"ಯಾರೂ ಹೇಳಿಲ್ಲ ಮೇಡಂ, ಮೊದಲು ಅಳೆದು ನೋಡೋಣ" ಎಂದೆ.

ಅಳೆಯುವುದು ಪ್ರೋಬ್‌ನಿಂದ. ತುದಿ ಗುಂಡಗಿರುವ ತೆಳು ಕಡ್ಡಿ ಅದು, ಮೈಮೇಲೆ ಮಿಲಿಮೀಟರ್ ಗೆರೆಗಳು. ಹಲ್ಲಿಗೂ ವಸಡಿಗೂ ನಡುವಿನ ಸಂದಿಗೆ ಮೆಲ್ಲಗೆ ಇಳಿಸಬೇಕು, ಒಂದೊಂದು ಹಲ್ಲಿಗೆ 6 ಕಡೆ. ಒತ್ತುವ ಭಾರ 20ರಿಂದ 25 ಗ್ರಾಂ ಇದ್ದರೆ ಸಾಕು. ಉಗುರಿನ ಕೆಳಗೆ ಒತ್ತಿದರೆ ನೋವಾಗದೆ ಚರ್ಮ ಬಿಳಿಚಬೇಕು, ಅಷ್ಟೇ. ಓದುವಾಗ ಸಣ್ಣ ತಕ್ಕಡಿಯ ಮೇಲೆ ಒತ್ತಿ ಒತ್ತಿ ಕೈ ಪಳಗಿಸಿಕೊಂಡಿದ್ದೆ. ಇಷ್ಟಾದರೂ ನನ್ನ ಅಳತೆಗೂ ಇನ್ನೊಬ್ಬರ ಅಳತೆಗೂ 1 ಮಿ.ಮೀ. ವ್ಯತ್ಯಾಸ ಬರುವುದು ಮಾಮೂಲು. ಸಂದಿಯ ಆಳ 3 ಮಿ.ಮೀ.ವರೆಗೆ ಸರಿ, 4 ಎಂದರೆ ಅನುಮಾನ. ಜಗಳವೆಲ್ಲ ಆ ಒಂದು ಮಿಲಿಮೀಟರಿನದೇ. ವಸಡು ಊದಿದ್ದರೆ ಮೆತ್ತಗಿರುತ್ತದೆ, ಪ್ರೋಬ್ ಇನ್ನೂ ಸ್ವಲ್ಪ ಒಳಗೆ ಹೋಗುತ್ತದೆ, ಲೆಕ್ಕ ಜಾಸ್ತಿ ಬರುತ್ತದೆ.

ಅವರ ಬಾಯಲ್ಲಿ 28 ಹಲ್ಲು, 168 ಅಳತೆ. 41 ಕಡೆ ರಕ್ತ ಬಂತು. 10ರಲ್ಲಿ ಒಂದು ಕಡೆ ಬಂದರೂ ವಸಡಿನ ಉರಿಯೂತ ಎನ್ನುತ್ತೇವೆ. 4 ಬಂದದ್ದು ಮೂರೇ ಜಾಗದಲ್ಲಿ. ಎರಡು ಜಾಗ ದವಡೆ ಹಲ್ಲುಗಳ ನಡುವೆ, ಒಂದು ಕೆಳಗಿನ ಕೊನೆಯ ಹಲ್ಲಿನ ಹಿಂದೆ.

ಇಲ್ಲಿ ವಸಡಿನ ಅಂಚನ್ನು ನಂಬಬಾರದು, ಊದಿದಾಗ ಅದು ಮೇಲಕ್ಕೆ ಏರಿರುತ್ತದೆ. ಎನಾಮಲ್ ಮುಗಿದು ಬೇರು ಶುರುವಾಗುವ ಗೆರೆಯಿಂದ ಅಳೆಯಬೇಕು. ವಸಡೂ ಮೂಳೆಯೂ ಬೇರನ್ನು ಹಿಡಿದಿರುವ ಹಿಡಿತ ಎಷ್ಟು ಹೋಗಿದೆ ಎಂದು ಆಗ ತಿಳಿಯುತ್ತದೆ. ಹಾಗೆ ಅಳೆದಾಗ ಹಲ್ಲಿನ ನಡುವಿನ ಎರಡೂ ಕಡೆ ಹಿಡಿತ ಸಡಿಲವಾಗಿರಲಿಲ್ಲ. ಕೊನೆಯ ಹಲ್ಲಿನ ಹಿಂದೆ ಮಾತ್ರ 2 ಮಿ.ಮೀ. ಹೋಗಿತ್ತು. ಆದರೆ ಅದರ ಹಿಂದಿದ್ದ ಬುದ್ಧಿ ಹಲ್ಲನ್ನು ಹಿಂದೆಯೇ ಕೀಳಿಸಿದ್ದರು. ಕಿತ್ತ ಹಲ್ಲಿನಿಂದಾದ ಇಂಥ ಸವೆತವನ್ನು ವಸಡಿನ ಕಾಯಿಲೆಗಳ 2018ರ ವರ್ಗೀಕರಣ ಪೆರಿಯೊಡಾಂಟೈಟಿಸ್, ಅಂದರೆ ಹಲ್ಲಿನ ಸುತ್ತಲ ಮೂಳೆ ಸವೆಯುವ ವಸಡಿನ ಕಾಯಿಲೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಕ್ಕಪಕ್ಕದಲ್ಲಿಲ್ಲದ ಕನಿಷ್ಠ ಎರಡು ಹಲ್ಲುಗಳ ಸಂದಿಯಲ್ಲಿ ಹಿಡಿತ ಹೋಗಿರಬೇಕು ಎನ್ನುತ್ತದೆ.

ಎರಡನೇ ಡಾಕ್ಟರು ನೋಡಿದ್ದು ಇಡೀ ದವಡೆಯ ಎಕ್ಸ್‌ರೇ. ಶುರುವಿನ ಸವೆತಕ್ಕೆ ಅದು ಸಾಲದು. ನಾನು ಬೈಟ್‌ವಿಂಗ್ ತೆಗೆದೆ, ಹಲ್ಲು ಕಚ್ಚಿಸಿ ಕೆಲವೇ ಹಲ್ಲುಗಳನ್ನು ಹತ್ತಿರದಿಂದ ತೆಗೆಯುವ ಸಣ್ಣ ಎಕ್ಸ್‌ರೇ ಅದು. ಮೂಳೆಯ ತುದಿ ಎನಾಮಲ್ ಮುಗಿಯುವ ಆ ಗೆರೆಯಿಂದ 1ರಿಂದ 2 ಮಿ.ಮೀ. ಕೆಳಗಿತ್ತು, ಅಂದರೆ ಸರಿಯಾಗೇ ಇತ್ತು. ಹಾಗಂತ ಎಕ್ಸ್‌ರೇಯನ್ನೇ ಪೂರ್ತಿ ನಂಬುವಂತಿಲ್ಲ. ಮೂಳೆಯ ಖನಿಜಾಂಶ ಮೂರರಲ್ಲಿ ಒಂದು ಪಾಲಿನಷ್ಟಾದರೂ ಹೋಗದೆ ಅದರಲ್ಲಿ ಕಾಣುವುದೇ ಕಷ್ಟ.

ರಕ್ತ ಬರದಿದ್ದರೆ ನೆಮ್ಮದಿ ಅಲ್ವಾ? ಬೀಡಿ, ಸಿಗರೇಟು ಸೇದುವವರಲ್ಲಿ ಅಲ್ಲ. ಹಲವು ವರ್ಷಗಳ ಹಿಂದೆ ಬೀಡಿ ಸೇದುವ ಒಬ್ಬ ಹಿರಿಯರ ವಸಡು ನೋಡಿದ್ದೆ. ಗಟ್ಟಿಯಾಗಿ, ಬಿಳಿಚಿಕೊಂಡಿತ್ತು, ಒಂದು ಹನಿ ರಕ್ತ ಇಲ್ಲ. ಪೂರ್ತಿ ಅಳೆಯದೆ ಚೆನ್ನಾಗಿದೆ ಎಂದು ಕಳಿಸಿದೆ. ಎರಡು ವರ್ಷ ಬಿಟ್ಟು ಬಂದಾಗ 6 ಮಿ.ಮೀ. ಆಳ, ಮುಂದಿನ ಹಲ್ಲು ಅಲುಗಾಡುತ್ತಿತ್ತು. ಧೂಮಪಾನ ರಕ್ತ ಬರುವುದನ್ನು ಮುಚ್ಚಿಡುತ್ತದೆ ಎಂದು ಓದಿದ್ದೆ, ಆ ದಿನ ನೆನಪಿಸಿಕೊಳ್ಳಲಿಲ್ಲ. ಅದು ನನ್ನನ್ನು ಈಗಲೂ ಕಾಡುತ್ತದೆ. ಈಗ ಯಾರೇ ಬರಲಿ, ಬೀಡಿ ಸಿಗರೇಟು ಮತ್ತು ಶುಗರ್ ಬಗ್ಗೆ ಮೊದಲೇ ಕೇಳುತ್ತೇನೆ. ಆರೂ ಕಡೆ ಅಳೆಯದೆ ಬಿಡುವುದಿಲ್ಲ.

ಟೀಚರ್‌ಗೆ ಸ್ಕೇಲಿಂಗ್ (ಹಲ್ಲಿನ ಮೇಲಿನ ಗಾರೆ ತೆಗೆಯುವ ಕ್ಲೀನಿಂಗ್) ಮಾಡಿ, ಹಲ್ಲಿನ ಸಂದಿಗೆ ಹಾಕುವ ಸಣ್ಣ ಬ್ರಷ್ ಬಳಸುವುದನ್ನು ಕನ್ನಡಿ ಹಿಡಿದು ತೋರಿಸಿದೆ. 8 ವಾರ ಬಿಟ್ಟು, ಅದೇ ಪ್ರೋಬ್‌ನಲ್ಲಿ ಮತ್ತೆ ನಾನೇ ಅಳೆದೆ. ರಕ್ತ 41ರಿಂದ 9 ಕಡೆಗೆ ಇಳಿದಿತ್ತು. ಸಂದಿಯ ಎರಡು 4ಗಳಲ್ಲಿ ಒಂದು 3 ಆಗಿತ್ತು. ಇನ್ನೊಂದು ಕದಲಿರಲಿಲ್ಲ. "ಹಾಗಾದ್ರೆ ಎರಡನೇ ಡಾಕ್ಟರು ಹೇಳಿದ್ದೇ ಸರಿನಾ?" ಎಂದರು. ಒಂದೇ ಜಾಗ ನೋಡಿ ಹಾಗೆ ಹೇಳಲಾಗದು, ಬಿಟ್ಟುಬಿಡಲೂ ಆಗದು ಎಂದೆ. ಚಾರ್ಟಿನಲ್ಲಿ ಆ ಜಾಗಕ್ಕೆ ಕೆಂಪು ಸುತ್ತು ಹಾಕಿ, ಮೂರು ತಿಂಗಳಿಗೆ ಮತ್ತೆ ಬರಲು ಹೇಳಿದ್ದೇನೆ.