ಇಂಗ್ಲೆಂಡಿನ ಹಳ್ಳಿ ಇಗರ್ಜಿಯಲ್ಲಿ ವಾಯುಪಡೆಯವರ ಸಮಾಧಿ ನೋಡುವುದು ಹೇಗೆ?

ಉಡುಪಿ, ಮಂಗಳೂರು ಕಡೆ ಎಷ್ಟೋ ಮನೆಗಳ ಮಕ್ಕಳು ಇಂಗ್ಲೆಂಡಿನಲ್ಲಿದ್ದಾರೆ. ಅವರನ್ನು ನೋಡಲು ಹೋದವರು ಲಂಡನ್ ಸುತ್ತಿ ಬಂದುಬಿಡುತ್ತಾರೆ. ಒಂದೇ ಒಂದು ದಿನ ಉಳಿಸಿಕೊಂಡು ಇಂಗ್ಲೆಂಡಿನ ಪೂರ್ವಕ್ಕಿರುವ ಲಿಂಕನ್‌ಶೈರ್ ಜಿಲ್ಲೆಯ ಯಾವುದಾದರೂ ಹಳ್ಳಿ ಇಗರ್ಜಿಗೆ ಹೋಗಿ ಅಂತ ನಾನು ಸಿಕ್ಕಿದವರಿಗೆಲ್ಲ ಹೇಳುತ್ತಿರುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನಗಳು ಹೊರಡುತ್ತಿದ್ದ ನೆಲೆಗಳು ಅಲ್ಲಿ ಜಾಸ್ತಿ. ನೆಲೆಯ ಪಕ್ಕದ ಊರಿನ ಇಗರ್ಜಿಯ ಅಂಗಳದಲ್ಲೇ ಎಷ್ಟೋ ಹುಡುಗರನ್ನು ಮಣ್ಣು ಮಾಡಿದ್ದಾರೆ.

ಮೊದಲ ಕೆಲಸ ಇಲ್ಲೇ, ಮನೆಯಲ್ಲೇ ಮಾಡಿಕೊಳ್ಳಿ. ಯುದ್ಧದಲ್ಲಿ ಸತ್ತವರ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅಂತ ಒಂದು ಸಂಸ್ಥೆ ಇದೆ. ಅವರ ಜಾಲತಾಣದಲ್ಲಿ ಊರಿನ ಹೆಸರು ಹಾಕಿದರೆ ಅಲ್ಲಿರುವ ಸಮಾಧಿಗಳ ಪಟ್ಟಿ ಬರುತ್ತದೆ, ದುಡ್ಡೇನೂ ಕೊಡಬೇಕಿಲ್ಲ. ನಾನು ಕಲ್ಯಾಣಪುರದ ಮನೆಯಲ್ಲಿ ರಾತ್ರಿ ಊಟ ಆದಮೇಲೆ ಕೂತು ಹೆಸರುಗಳನ್ನು ಒಂದು ಹಳೇ ಡೈರಿಗೆ ಬರೆದುಕೊಂಡೆ. ನಿಮ್ಮ ಕುಟುಂಬದವರೇ ಯಾರಾದರೂ ಯುದ್ಧಕ್ಕೆ ಹೋಗಿದ್ದರೆ ಡಿಸೋಜ, ಡಿ ಸೋಜ, ಡಿಸೌಜ, ಹೀಗೆ ಎಲ್ಲ ತರಹದ ಸ್ಪೆಲ್ಲಿಂಗ್ ಹಾಕಿ ಹುಡುಕಿ. ಒಂದರಲ್ಲಿ ಸಿಗದದ್ದು ಇನ್ನೊಂದರಲ್ಲಿ ಸಿಗಬಹುದು.

ನಾನು ಹೋದದ್ದು ಸ್ಕ್ಯಾಂಪ್ಟನ್‌ಗೆ. ಲಂಡನ್ನಿನಿಂದ ಲಿಂಕನ್‌ಗೆ ರೈಲಿನಲ್ಲಿ ಸುಮಾರು ಎರಡು ಗಂಟೆ, ಅಲ್ಲಿಂದ ಉತ್ತರಕ್ಕೆ ಹತ್ತು ಕಿಲೋಮೀಟರ್. 1943ರ ಮೇ 16ರ ರಾತ್ರಿ ಜರ್ಮನಿಯ ಅಣೆಕಟ್ಟುಗಳನ್ನು ಒಡೆಯಲು 19 ಲ್ಯಾಂಕಾಸ್ಟರ್ ಬಾಂಬರ್ ವಿಮಾನಗಳು ಹೊರಟದ್ದು ಈ ಊರಿನ ನೆಲೆಯಿಂದಲೇ. ಹೋದವರು 133 ಜನ. 8 ವಿಮಾನ ವಾಪಸ್ ಬರಲಿಲ್ಲ, 53 ಜನ ಸತ್ತರು. ಆದರೆ ಅವರನ್ನು ಈ ಇಗರ್ಜಿಯಲ್ಲಿ ಹುಡುಕಬೇಡಿ. ಶತ್ರು ನೆಲದ ಮೇಲೆ ಬಿದ್ದವರನ್ನು ಅಲ್ಲೇ ಆಸುಪಾಸಿನಲ್ಲಿ ಹೂಳಿದರು. ಹೆಚ್ಚಾಗಿ ಹಳ್ಳಿ ಇಗರ್ಜಿಯಲ್ಲಿ ಇರುವವರು ಇಂಗ್ಲೆಂಡಿನಲ್ಲೇ ಜೀವ ಬಿಟ್ಟವರು: ತರಬೇತಿಯಲ್ಲಿ, ವಿಮಾನ ಏಳುವಾಗ, ಏಟು ತಿಂದು ಹೇಗೋ ವಾಪಸ್ ಬಂದು ಇಳಿಯುವಾಗ. ಇಂಗ್ಲೆಂಡಿನ ಹುಡುಗರಾದರೆ ಮನೆಯವರು ರೈಲಿನಲ್ಲಿ ಊರಿಗೆ ಒಯ್ಯಬಹುದಿತ್ತು. ಕೆನಡಾ, ಆಸ್ಟ್ರೇಲಿಯಾದ ತಾಯಿ ಎಲ್ಲಿಗೆ ಒಯ್ಯುತ್ತಾಳೆ? ಹಾಗಾಗಿ ಇಂಥ ಕಡೆ ದೂರದೇಶದವರೇ ತುಂಬ ಕಾಣುತ್ತಾರೆ. ಸ್ಕ್ಯಾಂಪ್ಟನ್‌ನಲ್ಲಿ ಜರ್ಮನ್ ವಿಮಾನಿಗಳನ್ನೂ ಅದೇ ಅಂಗಳದಲ್ಲಿ ಮಲಗಿಸಿದ್ದಾರೆ. ಅವರ ಕಲ್ಲಿನ ಆಕಾರವೇ ಬೇರೆ, ನೋಡಿದ ಕೂಡಲೇ ಗೊತ್ತಾಗುತ್ತದೆ.

ಇನ್ನು ಕಲ್ಲು ಓದುವುದು. ಆ ಸಂಸ್ಥೆಯವರು ನಮ್ಮ ಕಡೆಯವರಿಗೆ ಅಂತ ಇಟ್ಟ ಕಲ್ಲುಗಳು ಸಾಮಾನ್ಯವಾಗಿ ಒಂದೇ ಅಳತೆ, ಎತ್ತರ 81 ಸೆಂಟಿಮೀಟರ್. ಅಧಿಕಾರಿ, ಸಿಪಾಯಿ ಅಂತ ಭೇದ ಇಲ್ಲ. ಮೇಲೆ ಹದ್ದು ಮತ್ತು ಕಿರೀಟದ ಗುರುತು ಇದ್ದರೆ ವಾಯುಪಡೆ. ಆಮೇಲೆ ನಂಬರು, ಹುದ್ದೆ, ಹೆಸರು, ವಿಮಾನದಲ್ಲಿ ಮಾಡುತ್ತಿದ್ದ ಕೆಲಸ, ಸತ್ತ ದಿನ, ವಯಸ್ಸು. ಅವಸರ ಬೇಡ, ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಸಾಲಾಗಿ ನಾಲ್ಕೈದು ಕಲ್ಲಿನಲ್ಲಿ ಒಂದೇ ದಿನ ಇದ್ದು, ಒಬ್ಬ ಪೈಲಟ್, ಒಬ್ಬ ನ್ಯಾವಿಗೇಟರ್ (ದಾರಿ ಹೇಳುವವನು), ಇಬ್ಬರು ಗನ್ನರ್ (ಬಂದೂಕಿನವರು) ಅಂತಿದ್ದರೆ ಅವರು ಒಂದೇ ವಿಮಾನದವರು ಇರಬಹುದು. ಲ್ಯಾಂಕಾಸ್ಟರಿನಲ್ಲಿ ಏಳು ಜನ ಇರುತ್ತಿದ್ದರು. ಉಳಿದವರು ಎಲ್ಲಿ ಅಂತ ಅದೇ ತಾಣದಲ್ಲಿ ದಿನಾಂಕ ಹಾಕಿ ಹುಡುಕಿ. ದೇಹವೇ ಸಿಗದವರ ಹೆಸರು ಲಂಡನ್ ಹತ್ತಿರದ ರನ್ನಿಮೀಡ್ ಸ್ಮಾರಕದಲ್ಲಿರುತ್ತದೆ. ಅಲ್ಲಿ ಅಂಥ 20,000ಕ್ಕೂ ಹೆಚ್ಚು ಹೆಸರುಗಳಿವೆ.

ಕಲ್ಲಿನ ಬುಡದಲ್ಲಿ ಒಂದೆರಡು ಸಾಲು ಇದ್ದರೆ ಅದು ಮನೆಯವರು ಬರೆಸಿದ್ದು. ಹುಲ್ಲು ಮುಚ್ಚಿರುತ್ತದೆ, ಕೂತು ಕೈಯಲ್ಲಿ ಮೆಲ್ಲಗೆ ಸರಿಸಿ ಓದಬೇಕು. ನಾನು ಮೊಣಕಾಲೂರಿ ಓದುವಾಗ ಒದ್ದೆ ಮಣ್ಣು ಸೀರೆಗೆಲ್ಲ ಹತ್ತಿತ್ತು. ಮೇಲೆ ಇಪ್ಪತ್ತೊಂದು ಅಂತ ವಯಸ್ಸು, ಕೆಳಗೆ ಅಮ್ಮ ಬರೆಸಿದ ಮಾತು. ಸ್ವಲ್ಪ ಹೊತ್ತು ಏಳಲಿಕ್ಕೇ ಆಗಲಿಲ್ಲ. ಅಕ್ಷರ ಮಸುಕಾಗಿದ್ದರೆ ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ, ಎದ್ದು ಕಾಣುತ್ತದೆ. ಸೀಮೆಸುಣ್ಣ ತಿಕ್ಕುವುದು, ಬ್ರಷ್ ಹಾಕಿ ಉಜ್ಜುವುದು ಖಂಡಿತ ಬೇಡ, ಕಲ್ಲು ಹಾಳಾಗುತ್ತದೆ. ನಮ್ಮಲ್ಲಿ ನವೆಂಬರ್ 2ಕ್ಕೆ, ಸತ್ತವರನ್ನು ನೆನೆಯುವ ದಿನ, ಸಮಾಧಿಗೆ ಹಚ್ಚಿದ ಹಾಗೆ ಮೇಣದಬತ್ತಿ ಹಚ್ಚಿ ಬಿಟ್ಟು ಬರುವುದೂ ಬೇಡ, ನಾಲ್ಕು ಹೂ ಇಟ್ಟರೆ ಸಾಕು.

ಇಗರ್ಜಿಯ ಒಳಗೂ ಹೋಗಿ. ಗೋಡೆಯ ಮೇಲಿನ ಹೆಸರಿನ ಫಲಕ, ಬಣ್ಣದ ಗಾಜಿನ ಕಿಟಕಿ ಹುಡುಕಿ, ವಿಮಾನ ಅಥವಾ ಸ್ಕ್ವಾಡ್ರನ್ (ವಿಮಾನದಳ) ಗುರುತು ಅಲ್ಲಿ ಸಿಗಬಹುದು. ಬಾಗಿಲ ಹತ್ತಿರ ಭೇಟಿ ಪುಸ್ತಕ ಇದ್ದರೆ ಕನ್ನಡದಲ್ಲೇ ಎರಡು ಸಾಲು ಬರೆಯಿರಿ. ಒಂದು ವಿಷಯ ನೆನಪಿಡಿ, ಅಲ್ಲಿ ಒಬ್ಬರೇ ಧರ್ಮಗುರು ಹಲವು ಊರುಗಳನ್ನು ನೋಡಿಕೊಳ್ಳುತ್ತಾರೆ, ನಮ್ಮ ಹಾಗೆ ದಿನಾ ಪೂಜೆ ಇರುವುದಿಲ್ಲ. ಇನ್ನೊಂದು ಊರಿಗೆ ಸುಮ್ನೆ ಹೋಗಿ ಬೀಗ ನೋಡಿ ಬಂದೆ. ಮೊದಲೇ ಮೇಲ್ ಮಾಡಿ ಕೇಳಿ, ಇಲ್ಲವೇ ಹೊರಗಿನ ನೋಟಿಸ್ ಬೋರ್ಡಿನಲ್ಲಿ ಕೀಲಿ ಯಾರ ಹತ್ತಿರ ಅಂತ ನೋಡಿ.

ಅಷ್ಟು ದೂರ ಹೋಗಲು ಆಗದವರು ಪುಣೆಯ ಖಡ್ಕಿಯಲ್ಲಿರುವ ಕಿರ್ಕೀ ಯುದ್ಧ ಸ್ಮಶಾನಕ್ಕೆ ಹೋಗಿ. ಅಲ್ಲೂ ಅದೇ ಸಂಸ್ಥೆಯ ಸಮಾಧಿಗಳು, ಓದುವ ಕ್ರಮವೂ ಇದೇ. ಹೆಸರುಗಳನ್ನು ಮಾತ್ರ ಮನೆಯಲ್ಲೇ ಬರೆದುಕೊಂಡು ಹೊರಡಿ.