ನಕ್ಷೆಯ ಹಸಿರು ಜಾಗ

ಚಾಮರಾಜನಗರ ಜಿಲ್ಲೆಯ ಹೈಸ್ಕೂಲೊಂದರಲ್ಲಿ ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಬಗ್ಗೆ ಮೊದಲ ಸಲ ಪಾಠ ಮಾಡಿದಾಗ ಬೋರ್ಡಿನ ಮೇಲೆ ಉಡುಪು, ಆಹಾರ, ಹಬ್ಬ ಅಂತ ಮೂರು ಕಾಲಂ ಎಳೆದೆ. ಸಾಲದ್ದಕ್ಕೆ ಪೋಡಿನಿಂದ, ಅಂದರೆ ಸೋಲಿಗರ ಹಾಡಿಯಿಂದ, ಬರುತ್ತಿದ್ದ ಹುಡುಗನನ್ನು ಎಬ್ಬಿಸಿ, ‘ಎಲ್ಲಿ, ನಿಮ್ಮವರ ಒಂದು ಗೊರುಕನ ಪದ ಹಾಡು’ ಅಂದೆ. ಅವನು ಉಗುರಿನಿಂದ ಬೆಂಚಿನ ಅಂಚು ಕೆರೆಯುತ್ತಾ ನಿಂತ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಮೂರು ದಿನ ಅವನು ಶಾಲೆಯ ಕಡೆ ಬರಲಿಲ್ಲ.

ಕರೆತರಲು ಪೋಡಿಗೆ ಹೋದೆ. ಅವನ ತಾತ ಬೈಯಲಿಲ್ಲ. ನನ್ನ ಬ್ಯಾಗಿನಲ್ಲಿದ್ದ ಜಿಲ್ಲಾ ನಕ್ಷೆ ಬಿಡಿಸಿಕೊಂಡು ಹಸಿರು ಬಳಿದ ಜಾಗದ ಮೇಲೆ ಬೆರಳಿಟ್ಟರು. ‘ಇಲ್ಲಿ ಯಾರೂ ಇಲ್ವಾ, ಮೇಷ್ಟ್ರೆ?’

ಮರುವರ್ಷ ಅದನ್ನೇ ಪಾಠ ಮಾಡಿಕೊಂಡೆ. ಖಾಲಿ ಡ್ರಾಯಿಂಗ್ ಶೀಟು ಹಿಡಿದು ಮಕ್ಕಳೊಂದಿಗೆ ಅದೇ ಜಗಲಿಯಲ್ಲಿ ಕೂತೆ. ತಾತ ಹೇಳಿದರು, ಮಕ್ಕಳು ಬರೆದರು. ಒಂದೊಂದು ಕುಲಕ್ಕೂ ಕಾಡಿನಲ್ಲಿ ಅದರದೇ ಎಲ್ಲೆ. ಅದರೊಳಗೆ ಕುಲದ ಪವಿತ್ರ ಜಾಗಗಳು: ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ಬೆಟ್ಟದ ರಂಗನಾಥ ಅವರಿಗೆ ಭಾವ, ಸೋಲಿಗರ ಹುಡುಗಿ ಕುಸುಮಾಲೆಯನ್ನು ಕಟ್ಟಿಕೊಂಡವನು. ‘ದೇವರಿಗೇ ಭಾವ ಅನ್ನೋದಾ ಸಾ!’ ಅಂತ ಒಬ್ಬಳು ಬಾಯಿ ಬಿಟ್ಟಳು.

ಜಗಳ ಹತ್ತಿದ್ದು ತರಗು ಬೆಂಕಿಗೆ. ಒಣಗಿದ ತರಗೆಲೆಗೆ ಹೊತ್ತಿಗೆ ಸರಿಯಾಗಿ ಸಣ್ಣ ಬೆಂಕಿ ಕೊಡುತ್ತಿದ್ದರಂತೆ. 1974ರಲ್ಲಿ ಅಭಯಾರಣ್ಯವಾಯಿತು, ಜನರನ್ನು ಒಳಗಿನಿಂದ ಎಬ್ಬಿಸಿದರು, ಬೆಂಕಿಯೂ ನಿಂತಿತು. ಲಂಟಾನ ಮುಚ್ಚಿಕೊಂಡಿದ್ದು, ನೆಲ್ಲಿ ಮರಕ್ಕೆ ಉಪ್ಪಿಲು ಎಂಬ ಬಂದಳಿಕೆ ಹತ್ತಿದ್ದು ಆಮೇಲೆಯೇ ಅನ್ನುತ್ತಾರೆ ತಾತ. ಕಾಡಿಗೆ ಬೆಂಕಿ ಹಾಕಬೇಡಿ ಎಂಬ ಬೋರ್ಡು ಓದಿ ಬೆಳೆದ ಮಕ್ಕಳು ಬಿಡುತ್ತಾರೆಯೇ? ನಾನು ನಡುವೆ ಬಾಯಿ ಹಾಕಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಆ ಜಗಳದ ಬೆನ್ನಿಗೇ ತೆಗೆದೆ. 2011ರಲ್ಲಿ ಇದೇ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು ಅಂದಾಗ ಯಾರೂ ಪುಸ್ತಕ ಮುಚ್ಚಲಿಲ್ಲ. ನನ್ನ ಪೀರಿಯಡ್ಡಿನಲ್ಲಿ ಅದು ಅಪರೂಪ.

ಎರಡು ಜಾಗ ಬಂದಾಗ ಮಾತ್ರ ತಾತ ಕೈ ಅಡ್ಡ ಹಿಡಿದರು: ‘ಇವು ಬರೀಬ್ಯಾಡಿ.’ ಶೀಟನ್ನು ಈಗ ಕ್ಲಾಸಿನಲ್ಲಿ ಜಿಲ್ಲಾ ನಕ್ಷೆಯ ಪಕ್ಕ ನೇತುಹಾಕಿದ್ದೇವೆ. ಆ ಎರಡು ಕಡೆ ಬಿಳಿ. ಅಲ್ಲೇನಿದೆ ಅಂತ ಹುಡುಗರು ತಾತನ ಮೊಮ್ಮಗನನ್ನು ಪೀಡಿಸುತ್ತಾರೆ. ಅವನು ನಕ್ಕು ಸುಮ್ಮನಾಗುತ್ತಾನೆ. ನಾನೂ ಕೇಳಿಲ್ಲ.