ದೇವನಹಳ್ಳಿ ಪಕ್ಕದ ಎರಡು ಎಕರೆ ಉಳಿಸಿಕೊಂಡಿದ್ದು ಹೀಗೆ

"ಮಾರಿಬಿಡು, ಬ್ಯಾಂಕಿಗೆ ಹಾಕಿ ಬಡ್ಡಿಯಲ್ಲಿ ಆರಾಮಾಗಿರು." 2008ರಲ್ಲಿ ವಿಮಾನ ನಿಲ್ದಾಣ ಶುರುವಾದಾಗಿನಿಂದ ಈ ಮಾತು ಕೇಳಿ ಸಾಕಾಗಿದೆ. 2020ರಲ್ಲಿ ಭೂಸುಧಾರಣಾ ಕಾಯ್ದೆ ತಿದ್ದಿ, ರೈತರಲ್ಲದವರೂ ಜಮೀನು ಕೊಳ್ಳಬಹುದು ಅಂತಾದ ಮೇಲೆ ಬ್ರೋಕರ್‌ಗಳ ಕಾಟ ಇನ್ನೂ ಜಾಸ್ತಿ ಆಯಿತು. ನನ್ನ ಎರಡು ಎಕರೆ ಇವತ್ತಿಗೂ ನನ್ನ ಹೆಸರಲ್ಲೇ ಇದೆ. ಹೋದ ವರ್ಷ ಖರ್ಚು ಕಳೆದು ನಾಲ್ಕೂಮುಕ್ಕಾಲು ಲಕ್ಷದ ಹತ್ತಿರ ಉಳಿಯಿತು.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯವರು ಮೂರು ವರ್ಷಕ್ಕೂ ಹೆಚ್ಚು ಧರಣಿ ಕೂತು, ಸರ್ಕಾರ ಕೈಗಾರಿಕೆಗೆ ಅಂತ ಹೊರಟಿದ್ದ 1,777 ಎಕರೆ ಸ್ವಾಧೀನವನ್ನು 2025ರ ಜುಲೈಯಲ್ಲಿ ಕೈಬಿಡಿಸಿದರು. ಅವರಿಗೆ ನನ್ನ ನಮಸ್ಕಾರ. ಆದರೆ ನಮ್ಮ ಕಡೆ ನೋಟಿಸೇ ಇಲ್ಲದೆ, ಮನೆಯವರ ಸಹಿಯಿಂದಲೇ ಜಮೀನು ಹೋಗುತ್ತದೆ. ನಮ್ಮ ಪಹಣಿ ಅಣ್ಣತಮ್ಮಂದಿರು ಮೂವರ ಹೆಸರಲ್ಲಿ ಜಂಟಿ ಇತ್ತು. ಅಣ್ಣ ಮಗಳ ಮದುವೆ ಸಾಲದಲ್ಲಿದ್ದಾಗ ಬ್ರೋಕರ್‌ಗಳು ಐದು ಲಕ್ಷ ಅಡ್ವಾನ್ಸ್ ಕೊಟ್ಟು, ಇಡೀ ಸರ್ವೆ ನಂಬರಿಗೆ ಅಗ್ರಿಮೆಂಟ್ ಮಾಡಿಕೊಂಡು ಹೋಗಿಬಿಟ್ಟರು. ಅದನ್ನು ಬಿಡಿಸಲು ಎರಡು ವರ್ಷ ಓಡಾಡಿದೆ, ವಕೀಲರಿಗೇ ಒಂದೂವರೆ ಲಕ್ಷ ಹೋಯಿತು.

ಆಮೇಲೆ ಬೇರೆ ಯಾವ ಕೆಲಸಕ್ಕೂ ಕೈಹಾಕದೆ 11ಇ ಸ್ಕೆಚ್ (ಪಾಲು ಅಳೆದು ಕೊಡುವ ಸರ್ವೆ ನಕ್ಷೆ), ಪಾಲುಪಟ್ಟಿ ರಿಜಿಸ್ಟರ್, ಮ್ಯುಟೇಶನ್ (ಪಹಣಿಯಲ್ಲಿ ಹೆಸರು ಬದಲಾವಣೆ), ಪೋಡಿ (ಸರ್ವೆ ನಂಬರ್ ಬೇರೆ ಮಾಡೋದು) ಎಲ್ಲ ಮುಗಿಸಿದೆ. ಅಕ್ಕನ ಸಹಿ ಬಿಡಬೇಡಿ, ಹೆಣ್ಣುಮಕ್ಕಳಿಗೂ ಸಮಪಾಲಿದೆ. ನಾವು ಅಕ್ಕನಿಗೆ ಊರ ಪಕ್ಕದ ಎಂಟು ಗುಂಟೆ ಬರೆದುಕೊಟ್ಟೆವು. ಅಣ್ಣ ತನ್ನ ಪಾಲು ಮಾರಿಕೊಂಡ. ಆ ದಿನ ಊಟ ಸೇರಲಿಲ್ಲ.

ಬೇಸಾಯದಲ್ಲಿ ಕಳೆದುಕೊಂಡಿದ್ದೂ ಕಮ್ಮಿಯೇನಲ್ಲ. 1,200 ಅಡಿ ಬೋರು ಧೂಳೆದ್ದು ನಾಲ್ಕು ಲಕ್ಷ ಹೋಯಿತು, ಎರಡನೆಯದರಲ್ಲಿ ಒಂದೂವರೆ ಇಂಚು ನೀರು ಬಿತ್ತು. ಬ್ಲೂ ದ್ರಾಕ್ಷಿಗೆ ಅಕಾಲ ಮಳೆ ಹಿಡಿದು ಡೌನಿ ಅನ್ನೋ ಬೂಜು ರೋಗ ಬಂತು, ಎರಡು ವರ್ಷ ಔಷಧಿ ಹೊಡೆದು ಸೋತು ಚಪ್ಪರ ಕಿತ್ತು ಕಲ್ಲುಕಂಬ ಮಾರಿದೆ.

ಕೊನೆಗೆ ಕೈಹಿಡಿದದ್ದು ಸೊಪ್ಪು. "ಸೊಪ್ಪು ಮಾರಿ ಜಮೀನು ಉಳಿಸ್ತಾನಂತೆ" ಅಂದವರು ನಮ್ಮ ನೆಂಟರೇ. ದಂಟು, ಮೆಂತ್ಯ, ಪಾಲಕ್, ಕೊತ್ತಂಬರಿಯನ್ನು ವಾರ ವಾರ ಒಂದೊಂದು ಮಡಿ ಚೆಲ್ಲುತ್ತೇನೆ. ಹಿಂದಿನ ರಾತ್ರಿ ವಾಟ್ಸಾಪಲ್ಲಿ ಆರ್ಡರ್ ತಗೊಂಡು, ಬುಧವಾರ, ಭಾನುವಾರ ಬೆಳಿಗ್ಗೆ ಆರಕ್ಕೆ ಎರಡು ಅಪಾರ್ಟ್‌ಮೆಂಟ್ ಗೇಟಲ್ಲಿರುತ್ತೇನೆ. ಮಂಡಿಯಲ್ಲಿ ಮೂರು ರೂಪಾಯಿಗೆ ಕೇಳುವ ಕಟ್ಟು ಅಲ್ಲಿ ಹದಿನೈದಕ್ಕೆ ಹೋಗುತ್ತದೆ. ಮೇ ತಿಂಗಳಲ್ಲಿ ಎಲ್ಲರ ಕೊತ್ತಂಬರಿ ಸುಟ್ಟುಹೋದಾಗಲೂ ನನ್ನದು ನಿಂತಿರುತ್ತದೆ. ನೆರಳು ಬಲೆ ಕಟ್ಟುತ್ತೇನೆ ಅಂತಷ್ಟೇ ಹೇಳಬಲ್ಲೆ, ಬೀಜಕ್ಕೆ ಏನು ಮಾಡುತ್ತೇನೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ಬದುವಿನಲ್ಲಿ ಎಂಟು ಚಕ್ಕೋತ ಗಿಡ ಇವೆ. ಕಿತ್ತ ಹಣ್ಣನ್ನು ಹತ್ತು ದಿನ ನೆರಳಲ್ಲಿಟ್ಟು ನೋಡಿದೆ. ಸಿಪ್ಪೆ ಸ್ವಲ್ಪ ಸುಕ್ಕಾಯಿತು, ತೊಳೆ ಸಿಹಿಯಾಯಿತು. ಇಪ್ಪತ್ತು ದಿನ ಇಟ್ಟಿದ್ದು ಒಣಗಿಹೋಯಿತು.

ತಮ್ಮನೂ ಮಾರುವ ಯೋಚನೆ ಬಿಟ್ಟ. ಅವನ ಪಾಲನ್ನು ವರ್ಷಕ್ಕೆ ಎಂಬತ್ತು ಸಾವಿರಕ್ಕೆ ನನಗೇ ಗುತ್ತಿಗೆ ಕೊಟ್ಟಿದ್ದಾನೆ. ಇವತ್ತು ಅಲ್ಲಿ ಸಬ್ಬಸಿಗೆ ಚೆಲ್ಲಿದೆವು.